ನಮ್ಮ ಮೆಡಿಸಿನ್ ಮೇಷ್ಟ್ರು

ನಮ್ಮ ಮೆಡಿಸಿನ್ ಮೇಷ್ಟ್ರು ಕಳೆದ ತಿಂಗಳು ತೀರಿಕೊಂಡರು. ಬೆಂಗಳೂರು ಮೆಡಿಕಲ್ ಕಾಲೇಜಿನಲ್ಲಿ ಓದಿದ ಬಯೋಕೆಮಿಸ್ಟ್ರಿ ನನಗೆ ಪೂರ್ತಿ ಮರೆತುಹೋಗಿದೆ. ಕಾಲೇಜಿಗೆ ಸೇರಿದ ವಿಕ್ಟೋರಿಯಾ ಆಸ್ಪತ್ರೆ 1900ರಷ್ಟು ಹಳೆಯದು. ಅದರ ವಾರ್ಡಿನಲ್ಲಿ ಅವರು ರೋಗಿಯ ಪಕ್ಕ ಸ್ಟೂಲ್ ಎಳೆದು ಕೂರುತ್ತಿದ್ದುದು ಮಾತ್ರ ಕಣ್ಣಿಗೆ ಕಟ್ಟಿದಂತಿದೆ. “ಮೊದಲು ಕೂತ್ಕೊಳ್ರಪ್ಪಾ. ನಿಂತೇ ಕೇಳಿದ್ರೆ ಅವರು ಅರ್ಧ ಮಾತು ನುಂಗಿಬಿಡ್ತಾರೆ” ಅನ್ನೋರು.

ಇಂಟರ್ನ್‌ಶಿಪ್‌ನ ನೈಟ್ ಡ್ಯೂಟಿಯಲ್ಲಿ ಒಬ್ಬನನ್ನು ವಾರ್ಡಿಗೆ ಕಾವಲಿಟ್ಟು, ಉಳಿದವರು ನಸುಕಿನಲ್ಲೇ ಕೆ.ಆರ್. ಮಾರ್ಕೆಟ್ಟಿಗೆ ಕಾಫಿಗೆ ಓಡುತ್ತಿದ್ದೆವು. ಒಂದು ದಿನ ಹೂವಿನ ಮೂಟೆಗಳ ನಡುವೆ ಮೇಷ್ಟ್ರೇ ಸೇವಂತಿಗೆ ಚೌಕಾಸಿ ಮಾಡುತ್ತಾ ನಿಂತಿದ್ದರು! ಬೈಯಲಿಲ್ಲ. ಎಲ್ಲರ ಕಾಫಿಗೂ ದುಡ್ಡು ಕೊಟ್ಟು, “ಆರನೇ ಬೆಡ್ ಅಜ್ಜನಿಗೆ ರಾತ್ರಿಯಿಂದ ಮೂತ್ರ ಎಷ್ಟು ಹೋಗಿದೆ?” ಅಂದರು. ಕಾಫಿ ಕುಡಿದು ಮುಗಿಸುವ ಧೈರ್ಯ ಯಾರಿಗೂ ಬರಲಿಲ್ಲ.

ಆಮೇಲೆ ಹನುಮಂತನಗರದಲ್ಲಿ ಸ್ವಂತ ಕ್ಲಿನಿಕ್ಕಿನ ಬೋರ್ಡ್ ಹಾಕಿದೆ. ವಾರ್ಡಿನಲ್ಲಿ ಅನುಮಾನ ಬಂದರೆ ಕೇಳಲು ಪಿಜಿಗಳಿದ್ದರು (ಎಂಬಿಬಿಎಸ್ ಮುಗಿಸಿ ಮುಂದಕ್ಕೆ ಓದುತ್ತಿದ್ದ ಡಾಕ್ಟರುಗಳು), ಅವರ ಮೇಲೆ ಯೂನಿಟ್ ಚೀಫ್. ಇಲ್ಲಿ ನಾನು, ಸ್ಟೆತಸ್ಕೋಪು, ಬಿಪಿ ಮಿಷನ್ನು, ಅಷ್ಟೇ. ಫೀಸು ಹೇಗೆ ಕೇಳಬೇಕು ಅಂತ ಐದೂವರೆ ವರ್ಷದ ಕೋರ್ಸಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ನೆಗಡಿಗೂ ಸೂಜಿ ಬೇಕು ಅನ್ನುವವರಿಗೆ ಬೇಡ ಅಂದರೆ ಪಕ್ಕದ ಬೀದಿ ಡಾಕ್ಟರ ಹತ್ತಿರ ಹೋಗುತ್ತಿದ್ದರು.

ಒಂದು ಸಂಜೆ ನಡುವಯಸ್ಸಿನವರೊಬ್ಬರು ಬಂದು, “ಗ್ಯಾಸ್ಟ್ರಿಕ್ಕು ಸಾರ್, ಒಂದು ಇಂಜೆಕ್ಷನ್ ಹಾಕಿಬಿಡಿ” ಅಂದರು. ಪಕ್ಕದಲ್ಲಿ ಕೂತು ಕೇಳಿದೆ. ಮೆಟ್ಟಿಲು ಹತ್ತುವಾಗ ಶುರುವಾಗಿದ್ದಂತೆ. ಅಂಗಿ ಬೆವರಿನಲ್ಲಿ ತೊಯ್ದಿತ್ತು. ಹೃದಯದ ಕೆಳಭಾಗಕ್ಕೆ ರಕ್ತ ಹೋಗುವುದು ನಿಂತರೆ ನೋವು ಹೊಟ್ಟೆಯಲ್ಲೇ ಕಾಣಿಸಬಹುದು. ಆಸ್ಪಿರಿನ್ ಅಗಿಯಲು ಕೊಟ್ಟು, ಆಟೋ ಹತ್ತಿಸಿ ಜೊತೆಗೆ ನಾನೂ ಹೋದೆ. ಇಸಿಜಿಯಲ್ಲಿ ಹಾರ್ಟ್ ಅಟ್ಯಾಕೇ ಬಂತು. ಅವರು ಉಳಿದರು. ಈಗ ಅವರ ಮೊಮ್ಮಗಳನ್ನೂ ನನ್ನ ಹತ್ತಿರವೇ ಕರೆದುಕೊಂಡು ಬರುತ್ತಾರೆ. ನಮ್ಮ ಬಡಾವಣೆಯಲ್ಲಿ ನನಗೆ ಹೆಸರು ಬಂದದ್ದು ಅವತ್ತಿನಿಂದ. ಹೆಮ್ಮೆಯಿಂದಲೇ ಹೇಳುತ್ತೇನೆ.

ಈಗಿನ ಇಂಟರ್ನ್‌ಗಳು ವರ್ಷವಿಡೀ ಪಿಜಿ ಸೀಟಿನ ಪ್ರವೇಶ ಪರೀಕ್ಷೆಯಾದ ಪಿಜಿ ನೀಟ್‌ನ, ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ 200 ಪ್ರಶ್ನೆಗಳ ಹಿಂದೆಯೇ ಇರುತ್ತಾರೆ. ಮಕ್ಕಳ ತಪ್ಪಲ್ಲ, ಇಷ್ಟಪಟ್ಟ ಸೀಟು ಸಿಗುವುದು ಅಷ್ಟು ಕಷ್ಟ. ಆದರೆ ಯಾವ ರೋಗಿಯೂ ನಾಲ್ಕು ಉತ್ತರ ಹಿಡಿದುಕೊಂಡು ಬರುವುದಿಲ್ಲ, ಅಲ್ವಾ? ವಾರ್ಡಿನಲ್ಲಿ ಕಳೆಯಬೇಕಾದ ಹೊತ್ತೆಲ್ಲ ಕೋಚಿಂಗ್ ವಿಡಿಯೋಗೆ ಹೋಗುತ್ತಿರುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಸ್ವಂತ ಕ್ಲಿನಿಕ್ ಇಡಬೇಕು ಅಂದುಕೊಂಡಿರುವ ಹುಡುಗರು, ಹುಡುಗಿಯರು ಯಾವ ಸಂಜೆ ಬೇಕಾದರೂ ನನ್ನಲ್ಲಿಗೆ ಬನ್ನಿ. ಆರರಿಂದ ಒಂಬತ್ತರವರೆಗೆ ಇರುತ್ತೇನೆ. ಫೀಸಿನ ವಿಷಯವನ್ನೂ ಮಾತಾಡೋಣ.