ಗಾಡಿ ಎಳೆಯದಿದ್ದರೂ ಟೈರ್ ಸವೆಯುತ್ತದೆ: ಪಿಕಪ್‌ಗೆ ವೀಲ್ ಅಲೈನ್‌ಮೆಂಟ್ ಬೇಕೆಂದು ತಿಳಿಯುವ ಬಗೆ

ಸ್ಟೀರಿಂಗ್ ಯಾವ ಕಡೆಗೂ ಎಳೆಯುತ್ತಿಲ್ಲವೆಂದರೆ ವೀಲ್ ಅಲೈನ್‌ಮೆಂಟ್, ಅಂದರೆ ಚಕ್ರಗಳು ನಿಂತಿರುವ ಕೋನಗಳ ಹೊಂದಾಣಿಕೆ, ಸರಿಯಾಗಿಯೇ ಇದೆ ಎಂದು ನಾನು ಬಹಳ ಕಾಲ ನಂಬಿದ್ದೆ. ನನ್ನ ಪಿಕಪ್ ನೇರವಾಗಿಯೇ ಓಡುತ್ತಿತ್ತು, ನಿಂತು ನೋಡಿದರೆ ಮುಂದಿನ ಟೈರ್‌ಗಳ ಹೊರ ಅಂಚಿನ ಹಲ್ಲುಗಳೂ ಗಟ್ಟಿಯಾಗಿಯೇ ಕಾಣುತ್ತಿದ್ದವು. ಬೇರೊಂದು ಕೆಲಸಕ್ಕಾಗಿ ಗಾಡಿಯನ್ನು ಲಿಫ್ಟ್ ಮೇಲೆ ಏರಿಸಿದ ದಿನ ಅದರ ಕೆಳಗೆ ನಿಂತು ತಲೆಯೆತ್ತಿ ನೋಡಿದಾಗ, ಎರಡೂ ಟೈರ್‌ಗಳ ಒಳ ಅಂಚು ಬೋಳಾಗಿ, ಒಂದು ಕಡೆಯಂತೂ ರಬ್ಬರ್ ಮುಗಿದು ಒಳಗಿನ ನೂಲು ಇಣುಕುತ್ತಿತ್ತು. ಟೈರ್ ಒಡೆಯದೆ ಅಲ್ಲಿಯವರೆಗೆ ಬಂದದ್ದೇ ದೊಡ್ಡದು.

ಇದಕ್ಕೆ ಕಾರಣ ‘ಟೋ’ ಎಂಬ ಅಳತೆ. ಮೇಲಿನಿಂದ ನೋಡಿದಾಗ ಮುಂದಿನ ಎರಡು ಚಕ್ರಗಳ ಮುಂತುದಿಗಳ ನಡುವಿನ ಅಂತರ ಹಿಂತುದಿಗಳ ಅಂತರಕ್ಕಿಂತ ಕಡಿಮೆಯಿದ್ದರೆ ಟೋ-ಇನ್, ಹೆಚ್ಚಿದ್ದರೆ ಟೋ-ಔಟ್. ನನ್ನ ಗಾಡಿಯಲ್ಲಿ ಸ್ಟೀರಿಂಗನ್ನು ಚಕ್ರಗಳಿಗೆ ಜೋಡಿಸುವ ಕೀಲುಗಳಾದ ಟೈ ರಾಡ್ ಎಂಡ್‌ಗಳು ಸವೆದು ಚಕ್ರಗಳು ಟೋ-ಔಟ್‌ಗೆ ತೆರೆದುಕೊಂಡಿದ್ದವು. ಎಡ ಚಕ್ರ ಎಡಕ್ಕೂ ಬಲ ಚಕ್ರ ಬಲಕ್ಕೂ ಸಮನಾಗಿ ಎಳೆಯುವಾಗ ಒಂದರ ಎಳೆತ ಇನ್ನೊಂದರಿಂದ ಸರಿದೂಗಿ, ಸ್ಟೀರಿಂಗ್ ಹಿಡಿದವನ ಕೈಗೆ ಏನೂ ತಿಳಿಯುವುದಿಲ್ಲ. ನಷ್ಟವೆಲ್ಲ ರಬ್ಬರಿನದು. ಸುಮಾರು 700 ಮಿಲಿಮೀಟರ್ ವ್ಯಾಸದ ಟೈರಿಗೆ ಒಟ್ಟು 3 ಮಿಲಿಮೀಟರ್ ಟೋ ತಪ್ಪಿದೆ ಎಂದುಕೊಂಡು ಲೆಕ್ಕ ಹಾಕಿದರೆ, ಪ್ರತಿ ಕಿಲೋಮೀಟರಿಗೆ ಎರಡೂ ಚಕ್ರಗಳು ಸೇರಿ 4 ಮೀಟರಿಗೂ ಹೆಚ್ಚು ದೂರ ಅಡ್ಡಕ್ಕೆ ಉಜ್ಜಿಕೊಂಡು ಹೋದಂತಾಗುತ್ತದೆ. ಗ್ಯಾರೇಜಿನವರು ‘ಗಾಡಿ ಟೈರ್ ತಿನ್ನುತ್ತಿದೆ’ ಎನ್ನುವುದು ಇದನ್ನೇ.

ಹಾಗಾಗಿ ನಾನು ಈಗ ಕಣ್ಣಿಗಿಂತ ಅಂಗೈಯನ್ನು ಹೆಚ್ಚು ನಂಬುತ್ತೇನೆ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಸ್ಟೀರಿಂಗನ್ನು ಪೂರ್ತಿ ಒಂದು ಬದಿಗೆ ತಿರುಗಿಸಿದರೆ ಟೈರಿನ ಮೈ ಕೈಗೆ ಸಿಗುತ್ತದೆ. ನೂಲು ಅಥವಾ ತಂತಿ ಹೊರಬಂದಿಲ್ಲವೆಂದು ಮೊದಲು ಖಚಿತಪಡಿಸಿಕೊಂಡು, ಅಂಗೈಯನ್ನು ಹೊರ ಅಂಚಿನಿಂದ ಒಳ ಅಂಚಿಗೆ ನಿಧಾನವಾಗಿ ಸವರಿ, ಅದೇ ಜಾಗದಲ್ಲಿ ಒಳಗಿನಿಂದ ಹೊರಕ್ಕೆ ಸವರಬೇಕು. ಟೋ ಸರಿಯಿದ್ದರೆ ಎರಡೂ ದಿಕ್ಕಿನಲ್ಲಿ ಒಂದೇ ಬಗೆಯ ಸ್ಪರ್ಶ. ಟೋ ತಪ್ಪಿದ್ದರೆ ಒಂದು ದಿಕ್ಕಿನಲ್ಲಿ ನುಣುಪಾಗಿ ಜಾರುವ ಕೈ, ಮರಳುವಾಗ ಗರಗಸದ ಹಲ್ಲಿಗೆ ಸಿಕ್ಕಂತೆ ತರಚುತ್ತದೆ. ಒಳಗೆ ಹೋಗುವಾಗ ನುಣುಪು, ಹೊರಗೆ ಬರುವಾಗ ಚೂಪು ಎಂದಾದರೆ ಟೋ-ಇನ್ ಅತಿಯಾಗಿದೆ. ಇದಕ್ಕೆ ತಿರುಗುಮುರುಗಾದರೆ ಟೋ-ಔಟ್. ಕಣ್ಣಿಗೆ ಏನೂ ಕಾಣದ ಹಂತದಲ್ಲಿಯೇ ಕೈಗೆ ಇದು ತಿಳಿಯುತ್ತದೆ.

ಎಲ್ಲ ಬಗೆಯ ಸವೆತವೂ ಅಲೈನ್‌ಮೆಂಟಿನದಲ್ಲ. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆ, ನಡು ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು. ಅಲ್ಲಲ್ಲಿ ಗುಳಿ ಬಿದ್ದಂತಿದ್ದರೆ ಶಾಕ್ ಅಬ್ಸಾರ್ಬರ್ ಅಥವಾ ಬ್ಯಾಲೆನ್ಸಿಂಗ್ (ಚಕ್ರದ ಸುತ್ತ ತೂಕ ಸಮನಾಗಿ ಹಂಚಿರುವುದು) ಕಡೆ ನೋಡಬೇಕು. ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಸ್ಟೀರಿಂಗ್ ನಡುಗುವುದೂ ಬಹುಪಾಲು ಬ್ಯಾಲೆನ್ಸಿಂಗ್ ದೋಷವೇ.

ಗಾಡಿ ಒಂದು ಬದಿಗೆ ಎಳೆಯತೊಡಗಿದಾಗಲೂ ನೇರವಾಗಿ ಅಲೈನ್‌ಮೆಂಟ್‌ಗೆ ಓಡುವ ಅಗತ್ಯವಿಲ್ಲ. ಮಳೆನೀರು ಹರಿದುಹೋಗಲೆಂದು ರಸ್ತೆಯನ್ನು ನಡುವಿನಿಂದ ಅಂಚಿಗೆ ಇಳಿಜಾರಾಗಿ ಕಟ್ಟಿರುತ್ತಾರೆ, ಹಾಗಾಗಿ ದೋಷವೇ ಇಲ್ಲದ ಗಾಡಿಯೂ ಅಂಚಿನ ಕಡೆಗೆ ತುಸು ಜಾರುತ್ತದೆ. ಮೊದಲು ತಣ್ಣಗಿರುವ ಟೈರ್‌ಗಳ ಗಾಳಿಯನ್ನು ಅಳೆಯಬೇಕು. ಆಮೇಲೆ ಸ್ವಲ್ಪ ದೂರ ಓಡಿಸಿ ಬಂದು, ಡಿಸ್ಕನ್ನು ಮುಟ್ಟದೆ ಪ್ರತಿ ಚಕ್ರದ ಹತ್ತಿರ ಕೈ ಹಿಡಿದು ನೋಡಬೇಕು. ಒಂದು ಚಕ್ರ ಮಾತ್ರ ವಿಪರೀತ ಬಿಸಿಯಾಗಿದ್ದರೆ ಅಲ್ಲಿ ಬ್ರೇಕ್ ಬಿಡದೆ ಹಿಡಿದುಕೊಂಡಿರುವ ಸಂಭವ ಹೆಚ್ಚು. ಎರಡೂ ಸರಿಯಿದ್ದರೆ ಮುಂದಿನ ಟೈರ್‌ಗಳನ್ನು ಎಡಬಲ ಅದಲುಬದಲು ಮಾಡಿ ಅದೇ ರಸ್ತೆಯಲ್ಲಿ ಮತ್ತೆ ಓಡಿಸಬೇಕು, ಒಂದೇ ದಿಕ್ಕಿಗೆ ಉರುಳಬೇಕಾದ ಟೈರ್‌ಗಳಾದರೆ ಮಾತ್ರ ಇದು ಹೊಂದುವುದಿಲ್ಲ. ಎಳೆತದ ದಿಕ್ಕೂ ಬದಲಾದರೆ ದೋಷ ಟೈರಿನದು, ಅದನ್ನು ಯಾವ ಅಲೈನ್‌ಮೆಂಟೂ ಸರಿಪಡಿಸಲಾರದು. ದಿಕ್ಕು ಬದಲಾಗದಿದ್ದರೆ ಆಗ ಕ್ಯಾಂಬರ್ ಅಥವಾ ಕ್ಯಾಸ್ಟರ್ ಎಡಬಲಗಳಲ್ಲಿ ಹೆಚ್ಚುಕಡಿಮೆಯಾಗಿದೆಯೇ ಎಂದು ಅಳೆಸಬೇಕು. ಚಕ್ರ ಮೇಲ್ಭಾಗದಲ್ಲಿ ಒಳಕ್ಕೋ ಹೊರಕ್ಕೋ ವಾಲಿರುವ ಪ್ರಮಾಣ ಕ್ಯಾಂಬರ್. ಅದು ತಪ್ಪಿದರೆ ಟೈರಿನ ಒಂದೇ ಅಂಚು ಸವೆಯುತ್ತದೆ. ಬದಿಯಿಂದ ನೋಡಿದಾಗ ಚಕ್ರ ಎಡಬಲಕ್ಕೆ ತಿರುಗುವ ಅಕ್ಷ ಹಿಂದಕ್ಕೋ ಮುಂದಕ್ಕೋ ವಾಲಿರುವ ಪ್ರಮಾಣ ಕ್ಯಾಸ್ಟರ್. ಅದು ತಪ್ಪಿದಾಗ ಟೈರಿನಲ್ಲಿ ಗುರುತು ಮೂಡುವುದು ಅಪರೂಪ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ಮರಳದೆ ಇರುವುದು, ವೇಗದಲ್ಲಿ ಗಾಡಿ ಅತ್ತಿತ್ತ ಅಲೆದಂತೆ ಆಗುವುದು ಅದರ ಲಕ್ಷಣ.

ಪಿಕಪ್ ಓಡಿಸುವವರು ಹಿಂದಿನ ಆಕ್ಸಲ್ಲನ್ನು ಮರೆಯಬಾರದು ಎಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ. ಹೆಚ್ಚಿನ ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ ಒಂದೇ ಗಟ್ಟಿ ತುಂಡಾಗಿದ್ದು, ಲೀಫ್ ಸ್ಪ್ರಿಂಗ್‌ಗಳಿಗೆ ಯು ಬೋಲ್ಟ್‌ಗಳಿಂದ ಬಿಗಿಯಲ್ಪಟ್ಟಿರುತ್ತದೆ. ಅಲ್ಲಿ ತಿರುಗಿಸಿ ಸರಿಪಡಿಸುವ ವ್ಯವಸ್ಥೆ ಸಾಮಾನ್ಯವಾಗಿ ಇರುವುದಿಲ್ಲವೆಂದು ಹಲವರು ಅತ್ತ ನೋಡುವುದೇ ಇಲ್ಲ. ಆದರೆ ಹೆಚ್ಚು ಭಾರ ಹೊತ್ತು ಗುಂಡಿಗಳಲ್ಲಿ ಇಳಿದು ಏಳುವ ಗಾಡಿಯಲ್ಲಿ ಯು ಬೋಲ್ಟ್ ಸಡಿಲವಾಗಿ, ಸ್ಪ್ರಿಂಗಿನ ಪಟ್ಟಿಗಳನ್ನು ಜೋಡಿಸಿ ಆಕ್ಸಲ್ಲನ್ನು ಜಾಗದಲ್ಲಿಡುವ ಸೆಂಟರ್ ಬೋಲ್ಟ್ ತುಂಡಾದರೆ ಇಡೀ ಆಕ್ಸಲ್ ಒಂದು ಬದಿಯಲ್ಲಿ ಹಿಂದೆ ಸರಿಯುತ್ತದೆ. ಆಗ ಹಿಂಬದಿ ಒಂದು ದಿಕ್ಕಿಗೆ ತಳ್ಳುವುದರಿಂದ ಗಾಡಿ ನೇರ ಹೋಗಬೇಕಾದರೆ ಸ್ಟೀರಿಂಗನ್ನು ಓರೆಯಾಗಿಯೇ ಹಿಡಿಯಬೇಕಾಗುತ್ತದೆ. ನೀರು ನಿಂತ ಜಾಗವನ್ನು ದಾಟಿಸಿ, ಒಣ ನೆಲದ ಮೇಲೆ ನೇರವಾಗಿ ಸ್ವಲ್ಪ ದೂರ ಓಡಿಸಿ, ಇಳಿದು ಹಿಂದೆ ಬಂದು ಒದ್ದೆ ಗುರುತುಗಳನ್ನು ನೋಡಿದರೆ ಸಂಗತಿ ಗೊತ್ತಾಗುತ್ತದೆ: ಹಿಂದಿನ ಚಕ್ರಗಳ ಗುರುತು ಎರಡೂ ಕಡೆ ಮುಂದಿನ ಗುರುತುಗಳಿಂದ ಒಂದೇ ದಿಕ್ಕಿಗೆ ಸರಿದಿದ್ದರೆ ಆಕ್ಸಲ್ ತನ್ನ ಜಾಗದಲ್ಲಿಲ್ಲ. ಇದನ್ನು ಬಿಟ್ಟು ಮುಂದಿನ ಟೋ ಮಾತ್ರ ತಿದ್ದಿ ಸ್ಟೀರಿಂಗನ್ನು ನೇರ ಕಾಣುವಂತೆ ಮಾಡಿದರೆ, ದೋಷ ಮರೆಯಾಗುತ್ತದೆಯೇ ಹೊರತು ಹೋಗುವುದಿಲ್ಲ.

ಭಾರದ ವಿಷಯವೂ ಪಿಕಪ್‌ಗೆ ವಿಶೇಷವಾದದ್ದು. ಹಿಂದೆ ಹೊರೆ ಬಿದ್ದಾಗ ಹಿಂಬದಿ ಕುಗ್ಗಿ ಮೂತಿ ಮೇಲೇಳುತ್ತದೆ. ಮುಂದಿನ ಸಸ್ಪೆನ್ಷನ್‌ನ ಎತ್ತರ ಬದಲಾದಂತೆ ಟೋ, ಕ್ಯಾಂಬರ್, ಕ್ಯಾಸ್ಟರ್ ಮೂರೂ ತುಸು ತುಸು ಬದಲಾಗುತ್ತವೆ. ವರ್ಷವಿಡೀ ನೀರಿನ ಟ್ಯಾಂಕ್ ಅಥವಾ ಸಲಕರಣೆಗಳ ಪೆಟ್ಟಿಗೆಯನ್ನು ಹೊತ್ತೇ ಓಡುವ ಗಾಡಿಯನ್ನು ಖಾಲಿ ಮಾಡಿಕೊಂಡು ಅಲೈನ್‌ಮೆಂಟ್‌ಗೆ ಒಯ್ದರೆ, ಅಲ್ಲಿ ಸರಿಯಾಗಿ ಕೂತ ಅಳತೆ ಕೆಲಸದ ಹೊತ್ತಿನಲ್ಲಿ ಉಳಿಯುವುದಿಲ್ಲ. ಸದಾ ಇರುವ ಹೊರೆ ಸದಾ ಇರುವಂತೆಯೇ ಗಾಡಿಯನ್ನು ಒಯ್ಯಬೇಕು, ಎಂದೋ ಒಮ್ಮೆ ಹೇರುವ ಸರಕನ್ನು ಇಳಿಸಿ ಹೋಗಬೇಕು.

ಸಾಮಾನ್ಯವಾಗಿ 10,000 ಕಿಲೋಮೀಟರಿಗೊಮ್ಮೆ ಅಲೈನ್‌ಮೆಂಟ್ ಎನ್ನುವ ಲೆಕ್ಕವನ್ನು ನಾನು ಪರೀಕ್ಷೆಯ ನೆನಪೋಲೆಯಾಗಿ ಮಾತ್ರ ಇಟ್ಟುಕೊಂಡಿದ್ದೇನೆ. ಚಕ್ರ ಜೋರಾಗಿ ಗುಂಡಿಗೆ ಬಿದ್ದರೆ, ಟೈ ರಾಡ್ ಎಂಡ್, ಚಕ್ರವನ್ನು ಗಾಡಿಗೆ ಹಿಡಿದಿಡುವ ಕಂಟ್ರೋಲ್ ಆರ್ಮ್, ಅದರ ತುದಿಯ ಕೀಲಾದ ಬಾಲ್ ಜಾಯಿಂಟ್‌ಗಳಲ್ಲಿ ಏನನ್ನಾದರೂ ಬದಲಿಸಿದರೆ, ಗಾಡಿಯ ಎತ್ತರವನ್ನು ಹೆಚ್ಚಿಸಿದರೆ ಆ ಲೆಕ್ಕಕ್ಕೆ ಕಾಯುವಂತಿಲ್ಲ.

ಅಲೈನ್‌ಮೆಂಟ್‌ಗೆ ಮೊದಲು ಮುಂದಿನ ಚಕ್ರಗಳನ್ನು ಜಾಕ್ ಮೇಲೆ ಎತ್ತಿ, ಸ್ಟ್ಯಾಂಡ್ ಕೊಟ್ಟು ಅಲುಗಾಡಿಸಿ ನೋಡಲು ಕೇಳಬೇಕು. ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದಾಗ ಪ್ಲೇ (ಸಡಿಲ ಅಲುಗಾಟ) ಇದ್ದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್, ಎಡಕ್ಕೆ ಬಲಕ್ಕೆ ಹಿಡಿದಾಗ ಪ್ಲೇ ಇದ್ದರೆ ಹೆಚ್ಚಾಗಿ ಟೈ ರಾಡ್ ಎಂಡ್. ಸಡಿಲವಾದ ಭಾಗವನ್ನು ಹಾಗೆಯೇ ಬಿಟ್ಟು ಕೂರಿಸಿದ ಅಳತೆ ಗಾಡಿ ಗೇಟು ದಾಟುವಷ್ಟರಲ್ಲಿ ಬದಲಾಗಬಹುದು. ನನ್ನ ಗಾಡಿಗೆ ಎರಡೂ ಟೈ ರಾಡ್ ಎಂಡ್‌ಗಳನ್ನು ಹೊಸದಾಗಿ ಹಾಕಿಸಿ, ಆ ಮೇಲೆ ನಾಲ್ಕೂ ಚಕ್ರಗಳನ್ನು ಅಳೆಸಿ, ಮೊದಲಿನ ಮತ್ತು ನಂತರದ ಅಂಕಿಗಳಿರುವ ಕಾಗದವನ್ನು ಕೇಳಿ ಪಡೆದೆ. ಆ ಕಾಗದ ಈಗ ಗಾಡಿಯ ದಾಖಲೆಗಳ ಜೊತೆಗಿದೆ. ಪ್ರತಿ ಬಾರಿ ಗಾಳಿ ಹಿಡಿಸುವಾಗ ಸ್ಟೀರಿಂಗ್ ತಿರುಗಿಸಿಟ್ಟು, ಮುಂದಿನ ಟೈರ್‌ಗಳ ಒಳ ಅಂಚಿನವರೆಗೂ ಕೈಯಾಡಿಸಿ ನೋಡುತ್ತೇನೆ.