ಗುಂಡ ಊಟ ಬಿಟ್ಟಿದ್ದಾನೆ

ದಾಸವಾಳದ ಹೂವಿಗೆ ಜೀವ ಬಿಡುತ್ತಿದ್ದ ಗುಂಡ ಈಗ ಅದನ್ನು ತುಳಿದುಕೊಂಡು ಹೋಗುತ್ತಾನೆ. ಇವನು ಆಫ್ರಿಕಾ ಮೂಲದ ಸಲ್ಕಾಟಾ ಆಮೆ. ನಮ್ಮ ನಕ್ಷತ್ರ ಆಮೆ ಅಲ್ಲಪ್ಪಾ! ಅದನ್ನು ಮನೆಯಲ್ಲಿ ಸಾಕಿದರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ.

ಡಿಸೆಂಬರ್ ರಾತ್ರಿ ಬಸವನಗುಡಿಯಲ್ಲೂ ಚಳಿ ಜಾಸ್ತಿ. ನಮಗೆ ಸ್ವೆಟರ್ ಇದೆ. ಅವನಿಗೆ ಮೈ ಬಿಸಿ ಹೊರಗಿನಿಂದಲೇ ಬರಬೇಕು. ತಣ್ಣಗಾದರೆ ತಿಂದದ್ದೂ ಅರಗುವುದಿಲ್ಲ, ಇನ್ನು ಹಸಿವೆಲ್ಲಿ? ಪಕ್ಕದ ಮನೆಯವರು "ಅದು ಚಳಿಗಾಲದ ನಿದ್ದೆ, ಬಿಡಿ" ಅಂದರು. ಈ ಜಾತಿಗೆ ಆ ಅಭ್ಯಾಸವೇ ಇಲ್ಲ. ಡಾಕ್ಟರ್ ಎಕ್ಸ್‌ರೇ ತೆಗೆದು, ಹೊಟ್ಟೆಯೊಳಗೆ ಕಲ್ಲು ಇಲ್ಲ ಅಂದರು. ಮೂಗಲ್ಲಿ ಗುಳ್ಳೆ ಬಂದರೆ ಮಾತ್ರ ತಕ್ಷಣ ಕರೆತರಬೇಕಂತೆ.

ಬೆಳಿಗ್ಗೆ ಟಬ್ಬಿನಲ್ಲಿ ಗಲ್ಲ ಮುಟ್ಟುವಷ್ಟು ಉಗುರುಬೆಚ್ಚಗಿನ ನೀರು. ಸ್ವಲ್ಪ ಹೊತ್ತು ಸುಮ್ನೆ ಇರುತ್ತಾನೆ. ಆಮೇಲೆ ಕತ್ತು ಚಾಚಿ, ಮೂಗು ಅದ್ದಿ, ಗಂಟಲು ಆಡಿಸುತ್ತಾ ಕುಡಿಯುತ್ತಾನೆ. ಇವತ್ತು ಸುಣ್ಣದ ತಿಳಿಯಂಥ ಬಿಳಿ ಗಸಿ ಬಿಟ್ಟ. ಅದು ಮೂತ್ರದ ಜೊತೆ ಹೋಗುವ ಯೂರಿಕ್ ಆಸಿಡ್. ತರಿತರಿಯಾಗಿದ್ದರೆ ಮೈಯಲ್ಲಿ ನೀರು ಸಾಲದು ಅಂತ. ಮೆತ್ತಗೇ ಇತ್ತು. ಇಂಥದ್ದಕ್ಕೂ ಖುಷಿಪಡುವ ಕಾಲ ಬಂತು, ಅಲ್ವಾ!

ಅಮ್ಮನಿಗೆ ಸೌತೆಕಾಯಿ ತುರಿದು ಬಾಯಿಗೆ ತುರುಕುವ ಆಸೆ. ಬೇಡವೇ ಬೇಡ ಅಂದಿದ್ದೇನೆ. ಸಂಜೆ ಅವನ ಮೈ ಬಿಸಿ ಮಾಡುವ ದೀಪದ ಕೆಳಗೆ ಮುಳ್ಳು ತೆಗೆದ ಪಾಪಾಸುಕಳ್ಳಿ ಇಟ್ಟೆ. ಒಂದೇ ಒಂದು ಸಲ ಕಚ್ಚಿದ. ನಾಳೆಗೆ ಹಿಪ್ಪುನೇರಳೆ ಸೊಪ್ಪು ಹುಡುಕಬೇಕು.