ಲೂಕಾ ಹೋದ ರಾತ್ರಿ

2025ರ ಜನವರಿ ಪೂರ್ತಿ ನಮ್ಮ ಗುಂಪಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಟಗಾರ ಜಿಮ್ಮಿ ಬಟ್ಲರ್‌ನದೇ ಮಾತು. ನಾವಿರುವುದು ಡಲ್ಲಾಸ್ ಪಕ್ಕದ ಅರ್ವಿಂಗ್‌ನಲ್ಲಿ, ಅವನು ಆಡುತ್ತಿದ್ದದ್ದು ಮಯಾಮಿಗೆ. ನಮಗೂ ಅವನಿಗೂ ಏನೂ ಸಂಬಂಧವಿಲ್ಲ. ಆದರೆ ಟ್ರೇಡ್ ಗಡುವು, ಅಂದರೆ ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳಲು ಇರುವ ಕೊನೆಯ ದಿನ, ಹತ್ತಿರ ಬಂತೆಂದರೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಹುಚ್ಚಿರುವವರಿಗೆ ಊರವರ ಚಿಂತೆಯೆಲ್ಲ ತಮ್ಮದೇ. ಆ ವರ್ಷ ಗಡುವು ಫೆಬ್ರುವರಿ 6.

ನಮ್ಮಲ್ಲಿ ಹೆಸರಿಗಿಂತ ಊರೇ ಜಾಸ್ತಿ ಚಾಲ್ತಿ. ಹಾಸನ ಬಂದ್ನಾ, ಮೈಸೂರು ಎಲ್ಲಿ, ಹೀಗೆ. ಹಾಸನ ಯಾವ ಗಾಳಿಸುದ್ದಿ ಬಂದರೂ ನಂಬುತ್ತಾನೆ. ಅವನ ಆಫೀಸಿನವನೊಬ್ಬನ ಕಸಿನ್, ನಮ್ಮ ಡಲ್ಲಾಸ್ ತಂಡ ಮ್ಯಾವರಿಕ್ಸ್ ಆಡುವ ಅಮೆರಿಕನ್ ಏರ್‌ಲೈನ್ಸ್ ಸೆಂಟರ್‌ನಲ್ಲಿ ಕೆಲಸಕ್ಕಿದ್ದಾನಂತೆ. ಏನು ಕೆಲಸ ಅಂತ ಕೇಳಿದರೆ ಮಾತು ತೇಲಿಸುತ್ತಾನೆ. ನಮಗೆ ಅವನೇ 'ಒಳಗಿನ ಮೂಲ'. ಮೈಸೂರು ಇದಕ್ಕೆ ಪೂರ್ತಿ ಉಲ್ಟಾ. ತಂಡ ಬಾಯಿಬಿಟ್ಟು ಹೇಳುವ ತನಕ ಎಲ್ಲವೂ ಸುಳ್ಳು ಅನ್ನುವವನು.

ಮೈಸೂರಿನ ವಾದಕ್ಕೆ ಬಟ್ಲರ್ ವಿಷಯವೇ ಏಟು ಕೊಟ್ಟಿತು. ಡಿಸೆಂಬರ್‌ನಲ್ಲಿ ಕ್ರೀಡಾ ಚಾನೆಲ್ ಇಎಸ್‌ಪಿಎನ್‌ನ ವರದಿಗಾರ ಶಾಮ್ಸ್ ಚರಾನಿಯಾ, ಬಟ್ಲರ್ ಮಯಾಮಿ ಬಿಡಬಹುದು ಎಂದು ಬರೆದಿದ್ದರು. ಅವನ ಏಜೆಂಟ್ ಎಲ್ಲರೆದುರೇ ಆ ವರದಿಯನ್ನು ತಳ್ಳಿಹಾಕಿದ. ಡಿಸೆಂಬರ್ 26ಕ್ಕೆ ತಂಡದ ಅಧ್ಯಕ್ಷ ಪ್ಯಾಟ್ ರೈಲಿ, ನಾವು ಬಟ್ಲರ್‌ನನ್ನು ಟ್ರೇಡ್ ಮಾಡುವುದಿಲ್ಲ ಎಂದು ಹೇಳಿಕೆಯನ್ನೇ ಕೊಟ್ಟರು. ಫೆಬ್ರುವರಿ 5ರಂದು ಅವನು ಗೋಲ್ಡನ್ ಸ್ಟೇಟ್ ತಂಡಕ್ಕೆ ಹೋದ. ಅಂದರೆ ಅಧಿಕೃತ ಹೇಳಿಕೆ ಉಳಿಯಲಿಲ್ಲ, ಗಾಳಿಸುದ್ದಿ ಉಳಿಯಿತು.

ಹಾಗಂತ ಹಾಸನ ಸರಿ ಅಂತಲ್ಲ. ನನ್ನ ತಕರಾರೇ ಬೇರೆ. ಯಾರು ಹೇಳಿದರು ಅನ್ನುವುದಕ್ಕಿಂತ ಯಾರು ಹೇಳಿಸಿದರು ಅಂತ ನೋಡಬೇಕು. ಬೆಂಗಳೂರಿನಲ್ಲಿ ಸೈಟ್ ನೋಡಲು ಹೋದವರಿಗೆ ಇದು ಚೆನ್ನಾಗಿ ಗೊತ್ತು. "ಸಾರ್, ಬೆಳಿಗ್ಗೆ ಇನ್ನೊಂದು ಪಾರ್ಟಿ ಬಂದಿದ್ರು, ಇವತ್ತೇ ಅಡ್ವಾನ್ಸ್ ಕೊಡ್ತೀನಿ ಅಂದ್ರು" ಅಂತಾನಲ್ಲ ಬ್ರೋಕರ್, 'ಮೂರು ತಂಡಗಳಿಗೆ ಆಸಕ್ತಿ ಇದೆ' ಎನ್ನುವ ಸುದ್ದಿ ಅದೇ ಜಾತಿಯದು. ಏಜೆಂಟ್‌ಗೆ ರೇಟು ಏರಬೇಕು. ತಂಡಕ್ಕೆ ಎದುರಿನ ತಂಡವನ್ನು ಹೆದರಿಸಬೇಕು. ವರದಿಗಾರನಿಗೆ ನಾಳೆಯೂ ಫೋನ್ ಬರಬೇಕು. ಬಟ್ಲರ್ ಫೀನಿಕ್ಸ್‌ಗೆ ಹೋಗಲು ಆಸೆಪಟ್ಟಿದ್ದಾನೆ ಎಂಬ ಸುದ್ದಿ ತಿಂಗಳಿಡೀ ಓಡಿತು. ಆದರೆ ಅಲ್ಲಿದ್ದ ಬ್ರಾಡ್ಲಿ ಬೀಲ್‌ನ ಕರಾರಿನಲ್ಲಿ, ಅವನು ಒಪ್ಪದೆ ಅವನನ್ನು ಎಲ್ಲಿಗೂ ಕಳಿಸುವಂತಿಲ್ಲ ಎಂದಿತ್ತು. ಬೀಲ್ ಜಾಗ ಬಿಡದೆ ಸಂಬಳದ ಲೆಕ್ಕ ಕೂಡುತ್ತಿರಲಿಲ್ಲ. ಸುದ್ದಿ ಸುಳ್ಳಲ್ಲ, ಬರೀ ಆಸೆ ಅಷ್ಟೇ.

ಫೆಬ್ರುವರಿ 1, ಶನಿವಾರ. ಶಿರಸಿಯ ಮನೆಯಲ್ಲಿ ಊಟ. ಅವತ್ತು ಮ್ಯಾವರಿಕ್ಸ್ ಆಟ ಇರಲಿಲ್ಲ. ಬಿಸಿಬೇಳೆಬಾತ್ ಮುಗಿದು, ದೊಡ್ಡವರು ರಮ್ಮಿಗೆ ಕೂತು, ಮಕ್ಕಳು ಮಹಡಿ ಮೇಲಿದ್ದರು. 11 ಗಂಟೆ ದಾಟಿ ಸ್ವಲ್ಪ ಹೊತ್ತಾಗಿತ್ತು. ಶಿರಸಿಯ ಹೈಸ್ಕೂಲ್ ಮಗ ಮೆಟ್ಟಿಲಿಳಿದು ಓಡಿ ಬಂದ. "ಅಪ್ಪಾ, ಲೂಕಾನ ಲೇಕರ್ಸ್‌ಗೆ ಕೊಟ್ಬಿಟ್ರಂತೆ!"

ಯಾರೂ ಎಲೆ ಕೆಳಗಿಡಲಿಲ್ಲ. "ಮಲಗು ಹೋಗೋ" ಅಂದ ಶಿರಸಿ.

ಹುಡುಗ ಫೋನ್ ಮುಂದೆ ಹಿಡಿದ. ಶಾಮ್ಸ್ ಹೆಸರಿನ ಪೋಸ್ಟ್. ನಮ್ಮ ಮ್ಯಾವರಿಕ್ಸ್‌ನ ತಾರೆ ಲೂಕಾ ಡಾನ್ಚಿಚ್ ಲಾಸ್ ಏಂಜಲಿಸ್‌ನ ಲೇಕರ್ಸ್‌ಗೆ, ಅಲ್ಲಿನ ಆಂಥನಿ ಡೇವಿಸ್ ಡಲ್ಲಾಸ್‌ಗೆ. ನಾನು ಮೊದಲು ನೋಡಿದ್ದು ಅಕೌಂಟ್ ಹೆಸರಿನ ಅಕ್ಷರಗಳನ್ನು. ಗಡುವಿನ ವಾರದಲ್ಲಿ ನಕಲಿ ಶಾಮ್ಸ್‌ಗಳಿಗೆ ಬರವಿಲ್ಲ. ಒಂದು ಅಕ್ಷರ ಬದಲಾಯಿಸಿ, ದುಡ್ಡು ಕೊಟ್ಟು ನೀಲಿ ಟಿಕ್ ತಗೊಂಡರೆ ಮುಗೀತು. ಅಕ್ಷರಗಳೆಲ್ಲ ಸರಿ ಇದ್ದವು.

"ಹ್ಯಾಕ್ ಆಗಿದೆ ಕಣೋ" ಅಂದ ಮೈಸೂರು. ಎಲ್ಲರಿಗೂ ಸಮಾಧಾನವಾಯಿತು. ಆ ಹೊತ್ತಿನಲ್ಲಿ ಅದು ದಡ್ಡ ಮಾತೇನಲ್ಲ. ಲೂಕಾಗೆ ಆಗ 25 ವರ್ಷ. ಏಳೆಂಟು ತಿಂಗಳ ಹಿಂದಷ್ಟೇ ತಂಡವನ್ನು ಫೈನಲ್‌ಗೆ ಕರೆದೊಯ್ದಿದ್ದ. ಅಂಥವನನ್ನು, ಅವನು ಕೇಳದೆಯೇ, ಯಾರು ಬಿಟ್ಟುಕೊಡುತ್ತಾರೆ? ಅದೂ ಒಂದೇ ಒಂದು ಗಾಳಿಸುದ್ದಿಯೂ ಇಲ್ಲದೆ?

"ವೋಜ್ ಇದ್ದಿದ್ರೆ ಗೊತ್ತಾಗ್ತಿತ್ತು" ಅಂದೆ. ವೋಜ್ ಅಂದರೆ ವರದಿಗಾರ ಏಡ್ರಿಯನ್ ವೋಜ್ನರೋವ್ಸ್ಕಿ. ಅವರು ಹಿಂದಿನ ಸೆಪ್ಟೆಂಬರ್‌ನಲ್ಲೇ ಇಎಸ್‌ಪಿಎನ್ ಬಿಟ್ಟು, ತಾನು ಓದಿದ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದ ಕೆಲಸಕ್ಕೆ ಹೋಗಿದ್ದರು. ಮೊದಲು ಇಬ್ಬರ ಪೈಪೋಟಿ ಇತ್ತು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಹತ್ತಿರ ತಾಳೆ ನೋಡಬಹುದಿತ್ತು. ಶಾಮ್ಸ್ ಮಾತನ್ನು ಪರೀಕ್ಷೆ ಮಾಡಲು ಅಷ್ಟೇ ತೂಕದ ಇನ್ನೊಬ್ಬರು ಈಗ ಇರಲಿಲ್ಲ. ಮೈಸೂರು 2023ರ ಡ್ರಾಫ್ಟ್ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು) ಕಥೆ ತೆಗೆದ. ಶಾರ್ಲಟ್ ತಂಡ ಎರಡನೇ ಆಯ್ಕೆಗೆ ಸ್ಕೂಟ್ ಹೆಂಡರ್‌ಸನ್ ಕಡೆ ವಾಲುತ್ತಿದೆ ಎಂದು ಶಾಮ್ಸ್ ಬರೆದಾಗ ಬೆಟ್ಟಿಂಗ್ ದರಗಳೇ ತಿರುಗಿದ್ದವು. ತಂಡ ಆರಿಸಿದ್ದು ಬ್ರ್ಯಾಂಡನ್ ಮಿಲ್ಲರ್‌ನನ್ನು. ಆಗ ಶಾಮ್ಸ್‌ಗೆ ಫ್ಯಾನ್‌ಡ್ಯುಯೆಲ್ ಎಂಬ ಬೆಟ್ಟಿಂಗ್ ಕಂಪನಿಯ ಜೊತೆಗೂ ಒಪ್ಪಂದ ಇತ್ತು. ಸುದ್ದಿ ತನಗೆ ಮೊದಲೇ ಗೊತ್ತಿರಲಿಲ್ಲ ಎಂದು ಕಂಪನಿ ಆಮೇಲೆ ಹೇಳಿತು.

ಅಷ್ಟರಲ್ಲಿ ಹುಡುಗ ಇನ್ನೊಂದು ಪೋಸ್ಟ್ ಓದಿದ. ಹೌದು, ಇದು ನಿಜ, ಅಂತ ಶಾಮ್ಸ್ ಮತ್ತೆ ಬರೆದಿದ್ದರು. ತನ್ನ ಸುದ್ದಿ ನಿಜ ಅಂತ ವರದಿಗಾರನೇ ಬೇರೆಯಾಗಿ ಹೇಳಬೇಕಾಗಿ ಬಂದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಆಮೇಲೆ ಯಾರೂ ರಮ್ಮಿ ಆಡಲಿಲ್ಲ. ಶಿರಸಿಯ ಹೆಂಡತಿ ಕಾಫಿ ಮಾಡಿ ತಂದರು, ಯಾರಾದರೂ ಸತ್ತರಾ ಅಂತ ಕೇಳಿದರು. ಹಾಸನ ಮಾತ್ರ ಕಸಿನ್‌ಗೆ ಫೋನ್ ಮೇಲೆ ಫೋನ್ ಮಾಡುತ್ತಿದ್ದ. ಅವನು ಎತ್ತಲಿಲ್ಲ.

ಒಳಗಿನ ವಿಷಯ ನಿಧಾನವಾಗಿ ಹೊರಬಂತು. ಮ್ಯಾವರಿಕ್ಸ್ ಜನರಲ್ ಮ್ಯಾನೇಜರ್ ನಿಕೋ ಹ್ಯಾರಿಸನ್ ಮತ್ತು ಲೇಕರ್ಸ್‌ನ ರಾಬ್ ಪೆಲಿಂಕಾ ಜನವರಿಯಲ್ಲಿ ಇಲ್ಲೇ ಡಲ್ಲಾಸ್‌ನ ಹೋಟೆಲೊಂದರಲ್ಲಿ ಕಾಫಿ ಕುಡಿಯುತ್ತ ಮಾತು ಶುರು ಮಾಡಿದ್ದರು. ನಾವು ಫೀನಿಕ್ಸ್, ಮಯಾಮಿ ಅಂತ ಗಂಟಲು ಹರಿದುಕೊಳ್ಳುತ್ತಿದ್ದಾಗ ವ್ಯಾಪಾರ ನಡೆದದ್ದು ನಮ್ಮ ಮೂಗಿನ ಕೆಳಗೆ! ಲೂಕಾಗೆ ಗೊತ್ತಿಲ್ಲ, ಡೇವಿಸ್‌ಗೆ ಗೊತ್ತಿಲ್ಲ. ಲೇಕರ್ಸ್‌ನ ತಾರೆ ಲೆಬ್ರಾನ್ ಜೇಮ್ಸ್‌ಗೆ ಗೊತ್ತಾದದ್ದು ಅವತ್ತು ನ್ಯೂಯಾರ್ಕ್‌ನಲ್ಲಿ ಆಟ ಮುಗಿಸಿ ಮನೆಯವರೊಂದಿಗೆ ಊಟಕ್ಕೆ ಹೋಗಿದ್ದಾಗ. ಸುದ್ದಿ ಸೋರಿದ್ದರೆ ಡಲ್ಲಾಸ್ ಜನ ಬೀದಿಗಿಳಿಯುತ್ತಿದ್ದರು, ಬೇರೆ ತಂಡಗಳು ಲೇಕರ್ಸ್‌ಗಿಂತ ಜಾಸ್ತಿ ಕೊಡಲು ಸಾಲು ನಿಲ್ಲುತ್ತಿದ್ದವು. ಹೇಳಿಸಿದರೆ ಇಬ್ಬರಿಗೂ ನಷ್ಟ. ಅದಕ್ಕೇ ಇಷ್ಟು ದೊಡ್ಡ ಟ್ರೇಡ್‌ಗೆ ಒಂದು ಪಿಸುಮಾತೂ ಇರಲಿಲ್ಲ. ಬಟ್ಲರ್ ಸುದ್ದಿಗೆ ಅಷ್ಟೊಂದು ಬಾಯಿ ಇದ್ದದ್ದೂ ಇದೇ ಲೆಕ್ಕಕ್ಕೆ.

ಭಾನುವಾರ ಜನ ಅಖಾಡದ ಹೊರಗಿನ, ಮ್ಯಾವರಿಕ್ಸ್‌ನ ಹಳೆಯ ತಾರೆ ಡರ್ಕ್ ನೊವಿಟ್ಸ್ಕಿ ಪ್ರತಿಮೆಯ ಹತ್ತಿರ ಶವಪೆಟ್ಟಿಗೆ ತಂದಿಟ್ಟರು. ನಾವು ಟಿವಿಯಲ್ಲೇ ನೋಡಿದೆವು. ಅವತ್ತು ಕ್ಲೀವ್‌ಲ್ಯಾಂಡ್‌ನಲ್ಲಿ ತಂಡ 144-101ರಲ್ಲಿ ಸೋತಿತು.

ಇಷ್ಟರ ಮೇಲೆ ಇನ್ನೊಂದು. ಶಾರ್ಲಟ್‌ನ ಮಾರ್ಕ್ ವಿಲಿಯಮ್ಸ್ ಲೇಕರ್ಸ್‌ಗೆ ಬರುತ್ತಿದ್ದಾನೆಂದು ಗಡುವಿನ ಹಿಂದಿನ ರಾತ್ರಿ ಸುದ್ದಿಯಾಯಿತು. ಈ ಸಲ ಮೈಸೂರೂ ಒಪ್ಪಿದ. ಆದರೆ ಫೆಬ್ರುವರಿ 8ಕ್ಕೆ ಆ ಟ್ರೇಡ್ ರದ್ದು. ವೈದ್ಯಕೀಯ ಪರೀಕ್ಷೆಯಲ್ಲಿ ವಿಲಿಯಮ್ಸ್ ಪಾಸಾಗಲಿಲ್ಲವಂತೆ. ಮೂಲ ಸರಿ, ಸುದ್ದಿ ಸರಿ, ಟ್ರೇಡ್ ಮಾತ್ರ ಇಲ್ಲ.

ಶಿರಸಿಯ ಮಗ ಕೇಳಿದ: "ಹಾಗಾದ್ರೆ ಲೂಕಾ ಯಾಕೆ ಫೇಲ್ ಆಗ್ಲಿಲ್ಲ ಅಂಕಲ್? ಅವನಿಗೂ ಕ್ರಿಸ್‌ಮಸ್‌ನಿಂದ ಕಾಲು ನೋವಿತ್ತಲ್ವಾ?" ನಮ್ಮಲ್ಲಿ ಉತ್ತರ ಇರಲಿಲ್ಲ. ಅವನಷ್ಟೇ ಆಸೆ ನಮಗೂ ಇತ್ತು.

ಹಾಸನ ಅವತ್ತಿನಿಂದ ಹೊಸ ರಾಗ ಹಿಡಿದ. ಈ ವಾರ ನಿಕೋ ಕೆಲಸ ಹೋಗುತ್ತೆ, ಕಸಿನ್ ಹೇಳಿದ್ದಾನೆ. ಮಾರ್ಚ್‌ನಲ್ಲೂ ಅದೇ. ಏಪ್ರಿಲ್ 9ರಂದು ಲೂಕಾ ಲೇಕರ್ಸ್ ಬಟ್ಟೆಯಲ್ಲಿ ಬಂದು, ಅಳುತ್ತ, 45 ಪಾಯಿಂಟ್ ಹೊಡೆದು ಹೋದ ಮೇಲಂತೂ ಇನ್ನೂ ಜೋರು. ನವೆಂಬರ್ 11ಕ್ಕೆ ನಿಕೋ ಕೆಲಸ ಹೋಯಿತು.

"ಫೆಬ್ರುವರಿಯಲ್ಲೇ ಹೇಳಿರಲಿಲ್ವಾ ನಾನು?" ಅಂತ ಹಾಸನ ಒಬ್ಬೊಬ್ಬರಿಗೂ ಫೋನ್ ಮಾಡಿದ.

ಮೈಸೂರು ಕೇಳಿದ್ದು ಇಷ್ಟೇ: "ತಂಡದ ಹೇಳಿಕೆ ಬಂತಾ?"